ಕ್ರಿಸ್ತರಾಜರ ಹಬ್ಬ ಮತ್ತು ಶಾಲೆಯ ಪ್ರತಿಜ್ಞೆ



ಪೂಜಾವರ್ಷದ ಕೊನೆಯ ಭಾನುವಾರ ಧರ್ಮಸಭೆಯು ಕ್ರಿಸ್ತರಾಜರ ಮಹೋತ್ಸವವನ್ನು ಆಚರಿಸುತ್ತದೆ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಅಂದು ಪರಮಪ್ರಸಾದದ ಮೆರವಣಿಗೆ ಹೊರಡುತ್ತದೆ. ಬಿಳಿ ಉಡುಪು ತೊಟ್ಟ ಮಕ್ಕಳು ಹೂವೆರಚುತ್ತಾ ಮುಂದೆ ಸಾಗುತ್ತಾರೆ. ಕ್ರಿಸ್ತರಾಜರಿಗೆ ಜಯವಾಗಲಿ ಎಂದು ಗಟ್ಟಿಯಾಗಿ ಕೂಗುತ್ತಾರೆ. ಮಾರನೆಯ ದಿನ ಸೋಮವಾರ. ಅದೇ ಮಕ್ಕಳು ಸಮವಸ್ತ್ರ ಧರಿಸಿ, ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು, ಬಲಗೈ ಮುಂದೆ ಚಾಚಿ ದೇಶದ ಪ್ರತಿಜ್ಞೆಯನ್ನು ಹೇಳುತ್ತಾರೆ. ಭಾನುವಾರ ಒಬ್ಬ ಅರಸರಿಗೆ ಜಯಕಾರ, ಸೋಮವಾರ ದೇಶಕ್ಕೆ ನಿಷ್ಠೆ. ಇವೆರಡರ ನಡುವೆ ವಿರೋಧವಿದೆಯೇ?

ಇಲ್ಲವೆಂದು ನಾವು ಹಿಂದೆಮುಂದೆ ನೋಡದೆ ಹೇಳುತ್ತೇವೆ. ಹಾಗೆ ಹೇಳುವುದು ಸರಿಯೇ. ಆದರೆ 'ಹೇಳುತ್ತೇನೆ' ಎನ್ನುವುದು ಒಂದು ಮಾತು, 'ಹೇಳಲೇಬೇಕು' ಎನ್ನುವುದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ತಿಳಿಯಲು ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಅರ್ಧ ಶತಮಾನವೇ ಬೇಕಾಯಿತು. ಆ ಚರಿತ್ರೆಯಲ್ಲಿ ಕಥೋಲಿಕರಾದ ನಾವೂ ಇದ್ದೇವೆ. ಒಮ್ಮೆ ಅನ್ಯಾಯ ಅನುಭವಿಸಿದವರಾಗಿ, ಇನ್ನೊಮ್ಮೆ ಬೇರೆಯವರ ಕಷ್ಟವನ್ನು ನೋಡಿ ಸುಮ್ಮನಿದ್ದವರಾಗಿ. ಆದ್ದರಿಂದ ಈ ಹಬ್ಬದ ಸಂದರ್ಭದಲ್ಲಿ ಆ ಕಥೆಯನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಬೋಧಕರೊಬ್ಬರು ಬರೆದ ಪ್ರತಿಜ್ಞೆ

1892ನೇ ಇಸವಿ. ಕೊಲಂಬಸನು ಅಮೆರಿಕ ತಲುಪಿ ನಾನೂರು ವರ್ಷ ತುಂಬಿದ ಸಂಭ್ರಮ. ಬಾಸ್ಟನ್ ನಗರದ 'ಯೂತ್ಸ್ ಕಂಪ್ಯಾನಿಯನ್' ಎಂಬ ಪತ್ರಿಕೆ ಶಾಲೆಗಳಿಗೆ ಧ್ವಜಗಳನ್ನು ಮಾರುವ ಕೆಲಸವನ್ನೂ ಕೈಗೊಂಡಿತ್ತು. ಅದರ ಸಿಬ್ಬಂದಿಯಲ್ಲಿದ್ದ ಫ್ರಾನ್ಸಿಸ್ ಬೆಲ್ಲಮಿ ಎಂಬುವರು ಶಾಲೆಯ ಸಮಾರಂಭಕ್ಕಾಗಿ ಒಂದು ಪುಟ್ಟ ಪ್ರತಿಜ್ಞೆಯನ್ನು ಬರೆದರು. ಅವರು ಬ್ಯಾಪ್ಟಿಸ್ಟ್ ಸಭೆಯ ಬೋಧಕರಾಗಿದ್ದವರು. ಆಶ್ಚರ್ಯವೆಂದರೆ, ಧರ್ಮಬೋಧಕರೊಬ್ಬರು ಬರೆದ ಆ ಪ್ರತಿಜ್ಞೆಯಲ್ಲಿ ದೇವರ ಹೆಸರೇ ಇರಲಿಲ್ಲ! ಧ್ವಜಕ್ಕೆ, ಆ ಧ್ವಜವು ಪ್ರತಿನಿಧಿಸುವ ಗಣರಾಜ್ಯಕ್ಕೆ ನಿಷ್ಠೆ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ: ಇಷ್ಟೇ ಅದರ ಸಾರ.

ಅದು ಐರ್ಲೆಂಡ್, ಇಟಲಿ, ಪೋಲೆಂಡ್‌ಗಳಿಂದ ಬಡ ವಲಸಿಗರು ಹಡಗುಗಳಲ್ಲಿ ಬಂದಿಳಿಯುತ್ತಿದ್ದ ಕಾಲ. ಅವರಲ್ಲಿ ಬಹಳ ಮಂದಿ ಕಥೋಲಿಕರು. ಇವರ ಮಕ್ಕಳನ್ನು ಅಮೆರಿಕನ್ನರನ್ನಾಗಿ ಮಾಡುವುದು ಹೇಗೆ ಎಂಬ ಚಿಂತೆ ಅಲ್ಲಿನ ಹಳಬರನ್ನು ಕಾಡುತ್ತಿತ್ತು. ಶಾಲೆಯ ಧ್ವಜವಂದನೆ ಅದಕ್ಕೊಂದು ಉತ್ತರವಾಗಿ ಕಂಡಿತು. 1898ರಲ್ಲಿ ಸ್ಪೇನಿನೊಡನೆ ಯುದ್ಧ ಆರಂಭವಾದಾಗ ನ್ಯೂಯಾರ್ಕ್ ರಾಜ್ಯವು ಧ್ವಜವಂದನೆಯ ಬಗ್ಗೆ ಕಾನೂನನ್ನೇ ಮಾಡಿತು. ಹಬ್ಬದ ದಿನಕ್ಕೆಂದು ಬರೆದದ್ದು ದಿನನಿತ್ಯದ ನಿಯಮವಾಗತೊಡಗಿತು.

ನಮ್ಮ ಮೇಲೆ ಬಿದ್ದ ಸಂಶಯ

ಪೋಪರಿಗೆ ವಿಧೇಯರಾದವರು ದೇಶಕ್ಕೆ ನಿಷ್ಠರಾಗಿರಲು ಸಾಧ್ಯವೇ? ಈ ಪ್ರಶ್ನೆಯನ್ನು ಅಮೆರಿಕದ ಕಥೋಲಿಕರು ಬಹುಕಾಲ ಎದುರಿಸಿದರು. 1922ರಲ್ಲಿ ಓರೆಗಾನ್ ರಾಜ್ಯದ ಮತದಾರರು ಒಂದು ಕಾನೂನಿಗೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ 8ರಿಂದ 16 ವರ್ಷದ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕಾಗಿತ್ತು. ಕು ಕ್ಲುಕ್ಸ್ ಕ್ಲಾನ್ ಎಂಬ ಕುಖ್ಯಾತ ಸಂಘಟನೆ ಇದರ ಬೆನ್ನಿಗೆ ನಿಂತಿತ್ತು. ಕಥೋಲಿಕ ಶಾಲೆಗಳ ಬಾಗಿಲು ಮುಚ್ಚಿಸುವುದೇ ಇದರ ಹುನ್ನಾರವಾಗಿತ್ತು.

ಯೇಸು ಮರಿಯರ ಪವಿತ್ರ ನಾಮಗಳ ಸಭೆಯ ಕನ್ಯಾಸ್ತ್ರೀಯರು ನ್ಯಾಯಾಲಯದ ಮೆಟ್ಟಿಲೇರಿದರು. 1925ರ ಜೂನ್ 1ರಂದು ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಆ ಕಾನೂನನ್ನು ರದ್ದುಮಾಡಿತು. ಮಗು ಸರ್ಕಾರದ ಸೊತ್ತಲ್ಲ, ಅದನ್ನು ಬೆಳೆಸುವ ಹಕ್ಕೂ ಹೊಣೆಯೂ ತಂದೆತಾಯಿಗಳದ್ದು ಎಂಬುದು ಆ ತೀರ್ಪಿನ ತಿರುಳು. ಅದೇ ವರ್ಷದ ಡಿಸೆಂಬರ್ 11ರಂದು ಜಗದ್ಗುರು 11ನೇ ಪಿಯುಸ್‌ರವರು 'ಕ್ವಾಸ್ ಪ್ರೀಮಾಸ್' ಎಂಬ ವಿಶ್ವಪತ್ರದ ಮೂಲಕ ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದರು. ಇಟಲಿಯಲ್ಲಿ ಮುಸೊಲಿನಿ ಮೆರೆಯುತ್ತಿದ್ದ ಕಾಲವದು. ಯಾವ ಆಳುವವನೂ ಮನುಷ್ಯನ ಆತ್ಮದ ಮೇಲೆ ಕೊನೆಯ ಅಧಿಕಾರ ಹೊಂದಿಲ್ಲ ಎಂದು ಈ ಹಬ್ಬ ಇಂದಿಗೂ ಸಾರುತ್ತದೆ.

ಗಣಿ ಊರಿನ ಇಬ್ಬರು ಮಕ್ಕಳು

ಹತ್ತು ವರ್ಷ ಕಳೆಯಿತು. ಪೆನ್ಸಿಲ್ವೇನಿಯಾ ರಾಜ್ಯದ ಮೈನರ್ಸ್‌ವಿಲ್ ಕಲ್ಲಿದ್ದಲು ಗಣಿಯ ಪುಟ್ಟ ಊರು. ಅಲ್ಲಿನ ಬಹುಪಾಲು ಜನ ಕಥೋಲಿಕರು. 1935ರ ಅಕ್ಟೋಬರ್‌ನಲ್ಲಿ ಆ ಊರಿನ ಶಾಲೆಯಲ್ಲಿ 10 ವರ್ಷದ ವಿಲಿಯಂ ಗೋಬಿಟಾಸ್ ಧ್ವಜಕ್ಕೆ ವಂದಿಸಲು ಕೈ ಎತ್ತಲಿಲ್ಲ. ಅವನ ಹಿಂದೆಯೇ 12 ವರ್ಷದ ಅಕ್ಕ ಲಿಲಿಯನ್ ಕೂಡ ಎತ್ತಲಿಲ್ಲ. ಅವರದು 'ಯೆಹೋವನ ಸಾಕ್ಷಿಗಳು' ಪಂಥದ ಕುಟುಂಬ. ಧ್ವಜಕ್ಕೆ ವಂದಿಸುವುದು ವಿಗ್ರಹಾರಾಧನೆಗೆ ಸಮ ಎಂಬುದು ಅವರ ನಂಬಿಕೆ. ಜರ್ಮನಿಯಲ್ಲಿ ಹಿಟ್ಲರನಿಗೆ ಕೈಚಾಚಿ ವಂದಿಸಲು ಒಪ್ಪದೆ ಅದೇ ಪಂಥದವರು ಸೆರೆಮನೆ ಸೇರುತ್ತಿದ್ದರು.

ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಕುಟುಂಬದ ದಿನಸಿ ಅಂಗಡಿಗೆ ಬಹಿಷ್ಕಾರ ಬಿತ್ತು. ಪ್ರಿಯರೇ, ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಅದೇ 1935ರ ಮೇ ತಿಂಗಳಲ್ಲಿ ರೋಮಿನಲ್ಲಿ ಥಾಮಸ್ ಮೋರ್‌ರವರನ್ನು ಸಂತರೆಂದು ಘೋಷಿಸಲಾಗಿತ್ತು. ಅವರು ಯಾರು? ಇಂಗ್ಲೆಂಡಿನ ಅರಸ 8ನೇ ಹೆನ್ರಿ ಬಯಸಿದ ಪ್ರಮಾಣವಚನವನ್ನು ಸ್ವೀಕರಿಸಲು ಮನಸ್ಸಾಕ್ಷಿ ಒಪ್ಪದೆ, 1535ರಲ್ಲಿ ತಲೆಯನ್ನೇ ಕೊಟ್ಟ ರಕ್ತಸಾಕ್ಷಿ. ಪ್ರಮಾಣ ಮಾಡದ ಸಂತರನ್ನು ಪೀಠದ ಮೇಲಿಟ್ಟು ಗೌರವಿಸಿದ ವರ್ಷವೇ, ಪ್ರತಿಜ್ಞೆ ಹೇಳದ ಇಬ್ಬರು ಮಕ್ಕಳು ಕಥೋಲಿಕರೇ ತುಂಬಿದ್ದ ಊರಿನಲ್ಲಿ ಒಂಟಿಯಾದರು. ಈ ಪಂಥದವರು ನಮ್ಮ ಧರ್ಮಸಭೆಯನ್ನು ಕಟುವಾಗಿ ಟೀಕಿಸುತ್ತಿದ್ದುದು ನಿಜ. ಆದರೆ ನಮ್ಮನ್ನು ಹೊಗಳುವವರ ಮನಸ್ಸಾಕ್ಷಿಯನ್ನು ಮಾತ್ರ ಗೌರವಿಸಿದರೆ ಅದರಲ್ಲಿ ದೊಡ್ಡತನವೇನು?

ತಪ್ಪು, ಪಶ್ಚಾತ್ತಾಪ, ತಿದ್ದುಪಡಿ

1940ರ ಜೂನ್ 3ರಂದು ಸರ್ವೋಚ್ಚ ನ್ಯಾಯಾಲಯವು ಎಂಟಕ್ಕೆ ಒಂದು ಮತದಿಂದ ಶಾಲೆಯ ಪರ ತೀರ್ಪು ನೀಡಿತು. ಯೂರೋಪಿನಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸಿನೊಳಗೆ ನುಗ್ಗಿದ್ದ ದಿನಗಳವು. ರಾಷ್ಟ್ರದ ಐಕ್ಯವೇ ರಾಷ್ಟ್ರದ ರಕ್ಷಣೆಗೆ ಬುನಾದಿ, ಶಾಲೆಗಳ ವಿವೇಚನೆಯಲ್ಲಿ ನ್ಯಾಯಾಲಯ ಕೈಹಾಕಬಾರದು ಎಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಬರೆದರು. ಅವರೇ ಬಾಲ್ಯದಲ್ಲಿ ವಲಸೆ ಬಂದ ಯೆಹೂದಿ. ಶಾಲೆಯೇ ತಮ್ಮನ್ನು ಅಮೆರಿಕನ್ನನನ್ನಾಗಿ ಮಾಡಿತೆಂಬ ಕೃತಜ್ಞತೆ ಅವರಲ್ಲಿತ್ತು. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಟ್ಟಿಗೆ ನಿಂತು ಒಂದೇ ಮಾತನ್ನು ಹೇಳುವುದರಿಂದ ಮಕ್ಕಳಲ್ಲಿ ಒಗ್ಗಟ್ಟು ಬೆಳೆಯುತ್ತದೆ ಎಂಬುದು ಸುಳ್ಳೇನಲ್ಲ. ಭಿನ್ನಮತ ನೀಡಿದವರು ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಒಬ್ಬರೇ.

ತೀರ್ಪಿನ ಬೆನ್ನಿಗೇ ದೇಶದ ಹಲವೆಡೆ ಯೆಹೋವನ ಸಾಕ್ಷಿಗಳ ಮೇಲೆ ಹಲ್ಲೆಗಳಾದವು. ಮೇನ್ ರಾಜ್ಯದ ಕೆನ್ನೆಬಂಕ್‌ನಲ್ಲಿ ಅವರ ಸಭಾಗೃಹಕ್ಕೆ ಬೆಂಕಿಯಿಟ್ಟರು. ದೇಶಪ್ರೇಮದ ಹೆಸರಿನಲ್ಲಿ ನೆರೆಯವನ ಮನೆ ಸುಡುವುದನ್ನು ಕಂಡು ಕೆಲವರ ಕಣ್ಣು ತೆರೆಯಿತು. ಹಾಗೆ ಕಣ್ಣು ತೆರೆದವರಲ್ಲಿ ಒಬ್ಬರು ನ್ಯಾಯಮೂರ್ತಿ ಫ್ರಾಂಕ್ ಮರ್ಫಿ. ಅವರು ಕಥೋಲಿಕರು. 1940ರಲ್ಲಿ ಬಹುಮತದೊಂದಿಗೆ ಇದ್ದವರು. 1942ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅವರೂ ಬ್ಲ್ಯಾಕ್ ಮತ್ತು ಡಗ್ಲಸ್ ಎಂಬ ಇನ್ನಿಬ್ಬರು ನ್ಯಾಯಮೂರ್ತಿಗಳೂ ತಮ್ಮ ಹಿಂದಿನ ತೀರ್ಮಾನ ತಪ್ಪಾಗಿತ್ತೆಂದು ಬಹಿರಂಗವಾಗಿ ಬರೆದರು. ನ್ಯಾಯಪೀಠದಲ್ಲಿ ಕುಳಿತವರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಸಣ್ಣ ಸಂಗತಿಯೇ? ಪಾಪನಿವೇದನೆಯ ಪೀಠದಲ್ಲಿ ಮೊಣಕಾಲೂರುವ ನಮಗೆ ಆ ಕಷ್ಟ ಗೊತ್ತು.

ವೆಸ್ಟ್ ವರ್ಜೀನಿಯಾದಿಂದ ಬಂದ ಮತ್ತೊಂದು ಮೊಕದ್ದಮೆಯಲ್ಲಿ, 1943ರ ಜೂನ್ 14ರಂದು, ನ್ಯಾಯಾಲಯವು ಆರಕ್ಕೆ ಮೂರು ಮತದಿಂದ ತನ್ನದೇ ತೀರ್ಪನ್ನು ತಿರುಗಿಸಿತು. ಅಂದು ಅಮೆರಿಕದ ಧ್ವಜದಿನ! ದೇಶ ಆಗ ಮಹಾಯುದ್ಧದ ನಡುವೆ ಇತ್ತು. ಯಾವ ಅಧಿಕಾರಿಯೂ ನಾಗರಿಕನ ಬಾಯಿಂದ ನಂಬಿಕೆಯ ಮಾತನ್ನು ಬಲವಂತವಾಗಿ ಹೊರಡಿಸುವಂತಿಲ್ಲ, ಬಲವಂತದ ಒಮ್ಮತವು ಕೊನೆಗೆ ಸ್ಮಶಾನದ ಮೌನವಾಗುತ್ತದೆ ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ ಬರೆದರು. ಇದಕ್ಕೆ ಸ್ವಲ್ಪ ಮೊದಲು, 1942ರ ಡಿಸೆಂಬರ್‌ನಲ್ಲಿ, ಕೈ ಮುಂದೆ ಚಾಚುವ ಪದ್ಧತಿಯನ್ನು ಅಮೆರಿಕದ ಸಂಸತ್ತು ಕೈಬಿಟ್ಟು, ಎದೆಯ ಮೇಲೆ ಕೈಯಿಡುವ ಪದ್ಧತಿಯನ್ನು ತಂದಿತ್ತು. ಹಳೆಯ ವಂದನೆ ನಾಜಿಗಳ ವಂದನೆಯಂತೆಯೇ ಕಾಣುತ್ತಿತ್ತು.

ದೇವರ ಹೆಸರು ಸೇರಿದ ಬಗೆ

ಪ್ರತಿಜ್ಞೆಯೊಳಗೆ ದೇವರ ಹೆಸರು ಬಂದದ್ದು ನಂತರ. ಕಥೋಲಿಕ ಗೃಹಸ್ಥರ ಸಂಘಟನೆಯಾದ 'ನೈಟ್ಸ್ ಆಫ್ ಕೊಲಂಬಸ್' 1951ರಲ್ಲಿ ತನ್ನ ಕೂಟಗಳಲ್ಲಿ, ದೇವರ ಅಧೀನದಲ್ಲಿರುವ ರಾಷ್ಟ್ರ ಎಂಬರ್ಥದ ಮಾತನ್ನು ಸೇರಿಸಿ ಹೇಳತೊಡಗಿತು. 1954ರ ಫೆಬ್ರವರಿ 7ರಂದು ವಾಷಿಂಗ್ಟನ್ನಿನ ಪ್ರೆಸ್ಬಿಟೇರಿಯನ್ ದೇವಾಲಯವೊಂದರಲ್ಲಿ ಜಾರ್ಜ್ ಡಾಕರ್ಟಿ ಎಂಬ ಬೋಧಕರು ಇದೇ ವಿಷಯವಾಗಿ ಪ್ರಬೋಧನೆ ನೀಡಿದರು; ಅಧ್ಯಕ್ಷ ಐಸನ್‌ಹೋವರ್ ಕುಳಿತು ಕೇಳುತ್ತಿದ್ದರು. ಅದೇ ವರ್ಷ ಜೂನ್ 14ರಂದು ಅದು ಕಾನೂನಾಯಿತು. ದೇವರನ್ನು ನಂಬದ ಸೋವಿಯತ್ ಒಕ್ಕೂಟಕ್ಕಿಂತ ತಾವು ಬೇರೆ ಎಂದು ತೋರಿಸುವುದು ಆ ಕಾಲದ ಅಗತ್ಯವಾಗಿತ್ತು.

ಅರ್ಧ ಶತಮಾನದ ನಂತರ ಕ್ಯಾಲಿಫೋರ್ನಿಯಾದ ನಾಸ್ತಿಕ ತಂದೆಯೊಬ್ಬರು ಇದನ್ನು ಪ್ರಶ್ನಿಸಿದರು. 2004ರ ಜೂನ್ 14ರಂದು, ಮತ್ತೆ ಧ್ವಜದಿನವೇ, ಮಗಳ ಪರವಾಗಿ ದಾವೆ ಹೂಡುವ ಅಧಿಕಾರ ಅವರಿಗಿಲ್ಲವೆಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಮೂಲಪ್ರಶ್ನೆಯನ್ನು ಬದಿಗಿಟ್ಟಿತು. ದೇವರ ಹೆಸರು ಉಳಿಯಿತು. ನಮಗೆ ಸಂತೋಷವೇ. ಆದರೂ ಕೇಳಿಕೊಳ್ಳೋಣ: ದೇವರ ಹೆಸರು ಪ್ರತಿಜ್ಞೆಯಲ್ಲಿದ್ದರೆ ಸಾಕೇ, ಅದನ್ನು ಹೇಳುವ ಹೃದಯದಲ್ಲಿ ಇರಬೇಡವೇ? ತುಟಿಯಿಂದ ಗೌರವಿಸಿ ಹೃದಯದಿಂದ ದೂರವಿರುವ ಜನರ ಬಗ್ಗೆ ಯೇಸುಸ್ವಾಮಿ ನೊಂದು ನುಡಿದದ್ದನ್ನು ನಾವು ಬಲ್ಲೆವು.

ನಮ್ಮ ನಾಡಿನ ಪ್ರತಿಜ್ಞೆ

ನಮ್ಮ ಪ್ರತಿಜ್ಞೆಯ ಕಥೆ ಬೇರೆ. 1962ರಲ್ಲಿ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದ ಪೈಡಿಮರ್ರಿ ವೆಂಕಟ ಸುಬ್ಬರಾವ್‌ರವರು ಇದನ್ನು ತೆಲುಗಿನಲ್ಲಿ ಬರೆದರು. 1964ರಲ್ಲಿ ನಮ್ಮ ಬೆಂಗಳೂರಿನಲ್ಲಿ, ಎಂ.ಸಿ. ಚಾಗ್ಲಾರವರ ಅಧ್ಯಕ್ಷತೆಯಲ್ಲಿ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯು ಶಾಲೆಗಳಲ್ಲಿ ಇದನ್ನು ಹೇಳಿಸಬೇಕೆಂದು ತೀರ್ಮಾನಿಸಿತು. 1965ರ ಜನವರಿ 26ರಿಂದ ಅದು ಜಾರಿಗೆ ಬಂತು. ಇದರಲ್ಲಿ ಧ್ವಜದ ಮಾತಿಲ್ಲ. ದೇಶದವರೆಲ್ಲ ಒಡಹುಟ್ಟಿದವರು, ತಂದೆತಾಯಿ, ಗುರುಹಿರಿಯರಿಗೆ ಗೌರವ, ಎಲ್ಲರೊಡನೆ ಸೌಜನ್ಯ: ಇದೇ ಇದರ ಹುರುಳು. ನೆರೆಯವರನ್ನು ಪ್ರೀತಿಸಿರಿ ಎಂಬ ಆಜ್ಞೆಯನ್ನು ಕಲಿತ ನಮಗೆ ಇದು ಪರಕೀಯವೆನಿಸುವುದಿಲ್ಲ.

ಆದರೂ ಬಲವಂತದ ಪ್ರಶ್ನೆ ನಮ್ಮಲ್ಲೂ ಎದ್ದಿತು. 1985ರ ಜುಲೈನಲ್ಲಿ ಕೇರಳದ ಶಾಲೆಯೊಂದರಿಂದ, ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು, ಬಿಜೋ ಇಮ್ಯಾನುಯೆಲ್ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠವು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಎದ್ದು ನಿಂತು ಗೌರವಿಸಿದವರು ಅವಮಾನಿಸಿದವರಲ್ಲ, ಹಾಡಲೇಬೇಕೆನ್ನುವ ಕಾನೂನೂ ಇಲ್ಲ ಎಂದು ಅದು ತಿಳಿಸಿತು. 1943ರ ಅಮೆರಿಕದ ತೀರ್ಪನ್ನೂ ಅಲ್ಲಿ ಸ್ಮರಿಸಲಾಯಿತು. ನಮ್ಮ ಪರಂಪರೆಯೂ ಸಂವಿಧಾನವೂ ಸಹನೆಯನ್ನೇ ಕಲಿಸುತ್ತವೆ, ಅದನ್ನು ತೆಳುವಾಗಿಸಬೇಡಿ ಎಂಬುದೇ ಆ ತೀರ್ಪಿನ ಕೊನೆಯ ವಿನಂತಿ.

ನಮ್ಮ ಅಂಗಳದ ಪ್ರಶ್ನೆ

ಈಗ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸೋಣ. ನಮ್ಮ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಇತರ ಧರ್ಮದವರು ಬಹಳ. ಬೆಳಗಿನ ಪ್ರಾರ್ಥನೆಯಲ್ಲಿ ಆ ಮಗು ಶಿಲುಬೆಯ ಗುರುತು ಹಾಕದೆ ಸುಮ್ಮನೆ ನಿಂತರೆ, ನಾವು ಅದನ್ನು ಹೇಗೆ ನೋಡುತ್ತೇವೆ? ಸಂವಿಧಾನದ 28ನೇ ವಿಧಿಯು, ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಹಾಜರುಪಡಿಸುವಂತಿಲ್ಲ ಎನ್ನುತ್ತದೆ. 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ನಮ್ಮ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ನಮ್ಮ ಆಚರಣೆಗಳನ್ನು ಇತರ ಧರ್ಮದ ಮಕ್ಕಳ ಮೇಲೆ ಹೇರಬಾರದೆಂದೂ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದೂ ತಿಳಿಸಿತು. ಅದಕ್ಕೂ ಮುಂಚೆ, 2023ರ ಜೂನ್‌ನಲ್ಲಿ, ಕರ್ನಾಟಕದ ಸಚಿವ ಸಂಪುಟವು ಶಾಲಾ ಕಾಲೇಜುಗಳಲ್ಲಿ ಪೀಠಿಕೆ ಓದುವುದನ್ನು ಕಡ್ಡಾಯಗೊಳಿಸಲು ತೀರ್ಮಾನಿಸಿತ್ತು. ಪೀಠಿಕೆಯು ನೀಡುವ ಭರವಸೆಗಳಲ್ಲಿ ನಂಬಿಕೆಯ ಮತ್ತು ಆರಾಧನೆಯ ಸ್ವಾತಂತ್ರ್ಯವೂ ಒಂದೆಂಬುದನ್ನು ಓದುವಾಗ ಮರೆಯದಿರೋಣ.

1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯದ ಕುರಿತು ಹೊರಡಿಸಿದ ಘೋಷಣೆಯೂ ಇದನ್ನೇ ಹೇಳುತ್ತದೆ: ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಯಾರನ್ನೂ ಬಲವಂತಪಡಿಸಬಾರದು. ಇದು ನಮಗಾಗಿ ನಾವು ಕೇಳುವ ಹಕ್ಕು. ಹಾಗಾದರೆ ಇತರರಿಗೆ ನಾವು ಸಲ್ಲಿಸಬೇಕಾದ ಋಣವೂ ಹೌದು.

ಪಿಲಾತನ ಎದುರು ನಿಂತ ಅರಸರನ್ನು ನೆನೆಯೋಣ. ತಮ್ಮ ರಾಜ್ಯ ಈ ಲೋಕದ್ದಲ್ಲ ಎಂದರು. ಯಾರ ಕೈಯನ್ನೂ ಹಿಡಿದೆತ್ತಿ ವಂದನೆ ಮಾಡಿಸಿಕೊಳ್ಳಲಿಲ್ಲ; ತಮ್ಮ ಕೈಗಳನ್ನೇ ಶಿಲುಬೆಯ ಮೇಲೆ ಚಾಚಿದರು. ಅಂಥ ಅರಸರ ಪ್ರಜೆಗಳಾದ ನಾವು ದೇಶವನ್ನು ಮನಸಾರೆ ಪ್ರೀತಿಸೋಣ, ಪ್ರತಿಜ್ಞೆಯನ್ನು ಅರ್ಥ ತಿಳಿದು ಹೇಳೋಣ, ನಮ್ಮ ಮಕ್ಕಳಿಗೂ ಹಾಗೆಯೇ ಕಲಿಸೋಣ. ಸಾಲಿನಲ್ಲಿ ಸುಮ್ಮನೆ ನಿಂತ ಮಗುವನ್ನು ಕಂಡಾಗ ಗದರಿಸುವ ಮೊದಲು, ಅದರ ಹೃದಯದಲ್ಲಿ ಏನಿದೆಯೆಂದು ಮಮತೆಯಿಂದ ಕೇಳೋಣ. ಸಕಲರ ಹೃದಯವನ್ನು ಬಲ್ಲ ಕ್ರಿಸ್ತರಾಜರು ನಮ್ಮ ನಾಡನ್ನೂ ನಮ್ಮ ಶಾಲೆಗಳನ್ನೂ ಆಶೀರ್ವದಿಸಲಿ. ಆಮೆನ್.