ಬಾಲ್ಯದ ಕಾಡುತಿನಿಸುಗಳು ಮತ್ತು ರಾಸ್ ಅಲ್ ಖೋರ್: ಸಸ್ಯಗುರುತಿನ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಶಾಲೆಗೆ ಹೋಗುವ ದಾರಿಯಲ್ಲಿ, ಗುಡ್ಡೆಯಲ್ಲಿ, ಬೇಲಿಯ ಬದಿಯಲ್ಲಿ ಕಿತ್ತು ಬಾಯಿಗೆ ಹಾಕಿಕೊಂಡ ಹೂ, ಹಣ್ಣು, ಚಿಗುರುಗಳ ಪ್ರಸ್ತಾಪ ಕರಾವಳಿ ಮತ್ತು ಮಲೆನಾಡಿನವರ ಬಾಲ್ಯದ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದುಬೈಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಕರಾವಳಿ ಮೂಲದವು ಗಣನೀಯ. ಆ ನೆನಪುಗಳಲ್ಲಿ ಬರುವ ಸಸ್ಯಗಳ ಪೈಕಿ ಯಾವುವು ರಾಸ್ ಅಲ್ ಖೋರ್ ಮತ್ತು ಅದರ ಆಸುಪಾಸಿನಲ್ಲಿ ಅದೇ ಪ್ರಭೇದವಾಗಿ ಸಿಗುತ್ತವೆ, ಯಾವುವು ಹತ್ತಿರದ ಸಂಬಂಧಿಯಾಗಿ ಮಾತ್ರ ಸಿಗುತ್ತವೆ ಎಂಬಷ್ಟಕ್ಕೆ ಈ ಟಿಪ್ಪಣಿ ಸೀಮಿತ. ನೆನಪಿನ ಭಾವುಕ ಮೌಲ್ಯ ಇಲ್ಲಿನ ವಿಷಯವಲ್ಲ.

2. ಸ್ಥಳ

ರಾಸ್ ಅಲ್ ಖೋರ್ ಎಂಬ ಹೆಸರು ಇಂದು ಕನಿಷ್ಠ ಎರಡು ಜಾಗಗಳಿಗೆ ಬಳಕೆಯಲ್ಲಿದೆ: ದುಬೈ ಕ್ರೀಕ್‌ನ ಒಳತುದಿಯ ವನ್ಯಜೀವಿ ಧಾಮಕ್ಕೆ ಮತ್ತು ಅದರ ಆಗ್ನೇಯಕ್ಕೆ ಹಬ್ಬಿದ ಕೈಗಾರಿಕಾ ಪ್ರದೇಶಕ್ಕೆ. ನೆನಪೊಂದನ್ನು ದಾಖಲಿಸುವಾಗ ಇವೆರಡನ್ನು ಬೆರೆಸಬಾರದು. ಮೊದಲನೆಯದು ಉಪ್ಪುನೆಲ, ಕೆಸರುಬಯಲು ಮತ್ತು ಕಾಂಡ್ಲಾ ಕಾಡು. ಎರಡನೆಯದು ಗೋದಾಮು, ವಾಹನ ಮಳಿಗೆ ಮತ್ತು ನೀರುಣಿಸಿ ಬೆಳೆಸಿದ ರಸ್ತೆಬದಿಯ ಗಿಡಗಳ ಪ್ರದೇಶ.

ದುಬೈ ಎಮಿರೇಟಿನ ಸಂರಕ್ಷಿತ ಪ್ರದೇಶಗಳ ಕಾನೂನು 2003ರದು. ಧಾಮವು ರಾಮ್ಸಾರ್ ಪಟ್ಟಿಗೆ ಸೇರಿದ್ದು 2007ರಲ್ಲಿ. ಪಟ್ಟಿಯಲ್ಲಿ ನಮೂದಾದ ವಿಸ್ತೀರ್ಣ 620 ಹೆಕ್ಟೇರ್. ಧಾಮ ಆರಂಭವಾದ ವರ್ಷವೆಂದು ಬೇರೆ ಬೇರೆ ಬರಹಗಳಲ್ಲಿ ಬೇರೆ ಬೇರೆ ಇಸವಿ ಕಾಣುವುದಕ್ಕೆ, ಆಡಳಿತಾತ್ಮಕ ರಕ್ಷಣೆ, ಕಾನೂನು ರಕ್ಷಣೆ ಮತ್ತು ಅಂತರರಾಷ್ಟ್ರೀಯ ಮಾನ್ಯತೆ ಈ ಮೂರನ್ನೂ ಒಂದೇ ಎಂದು ಎಣಿಸಿದ್ದು ಕಾರಣವಿರಬಹುದು. ಇನ್ನೊಂದು ದಿನಾಂಕವೂ ಗಮನಾರ್ಹ: 2016ರ ನವೆಂಬರಿನಲ್ಲಿ ದುಬೈ ಜಲಕಾಲುವೆ ತೆರೆದ ಬಳಿಕ ಕ್ರೀಕ್ ಬಿಸಿನೆಸ್ ಬೇ ಮೂಲಕ ಮತ್ತೊಂದು ಕಡೆಯಿಂದಲೂ ಕೊಲ್ಲಿಗೆ ತೆರೆದುಕೊಂಡಿತು. ಅದಕ್ಕೆ ಮುಂಚಿನ ವಿವರಣೆಗಳಲ್ಲಿನ 'ಮುಚ್ಚಿದ ತುದಿ' ಎಂಬ ಮಾತು ಈಗ ಹಾಗೆಯೇ ಅನ್ವಯಿಸದು.

ಧಾಮದೊಳಗೆ ಸಾರ್ವಜನಿಕರಿಗೆ ಪ್ರವೇಶವಿರುವುದು ವೀಕ್ಷಣಾ ಗುಡಿಸಲುಗಳಿಗೆ ಮಾತ್ರ. ಅಲ್ಲಿಂದ ರಾಜಹಂಸಗಳನ್ನು ನೋಡಬಹುದು; ಎಲೆಯೊಂದನ್ನೂ ಕೀಳುವಂತಿಲ್ಲ. ಆದ್ದರಿಂದ ಮುಂದೆ 'ಸಿಗುತ್ತದೆ' ಎಂದಿರುವ ಕಡೆ 'ಬೆಳೆಯುತ್ತದೆ' ಎಂದಷ್ಟೇ ಅರ್ಥ ಮಾಡಿಕೊಳ್ಳಬೇಕು.

3. ಆಕರಗಳು

ಕರಾವಳಿಯ ಸಸ್ಯಗಳಿಗೆ ಕೆ. ಗೋಪಾಲಕೃಷ್ಣ ಭಟ್ಟರ 'ಫ್ಲೋರಾ ಆಫ್ ಉಡುಪಿ', ಎಮಿರೇಟ್ಸ್ ಸಸ್ಯಗಳಿಗೆ ಮರಿಕೆ ಯೊಂಗ್‌ಬ್ಲೂಡ್ ಅವರ ಕಾಡುಹೂಗಳ ಸಮಗ್ರ ಕೈಪಿಡಿ ಮುಖ್ಯ ಆಕರಗಳು. ಎರಡೂ ಪ್ರಕಟವಾದದ್ದು 2003ರಲ್ಲಿ. ಹೋಲಿಕೆಗೆ ಇದು ಅನುಕೂಲಕರ ಕಾಕತಾಳೀಯ. ಮುಂದೆ (ಭಾಗ 6) ಹೋಲಿಕೆಗೆ ಬರುವ ಬಯಲುಸೀಮೆಯ ಮಟ್ಟಿಗೆ ಹಳೆಯ ಪ್ರಾಂತಗಳ ಗಡಿಯನ್ನು ಅನುಸರಿಸಬೇಕಾಗುತ್ತದೆ: ಬಿಜಾಪುರ, ಧಾರವಾಡಗಳಿಗೆ ಕುಕ್ ರಚಿಸಿದ ಮುಂಬಯಿ ಪ್ರಾಂತದ ಸಸ್ಯಕೋಶ (1901–08), ಬಳ್ಳಾರಿಗೆ ಗ್ಯಾಂಬಲ್ ಆರಂಭಿಸಿದ ಮದ್ರಾಸ್ ಪ್ರಾಂತದ ಸಸ್ಯಕೋಶ (1915–36).

4. ಕರಾವಳಿಯ ಪಟ್ಟಿ

ನೆನಪುಗಳಲ್ಲಿ ಹೆಚ್ಚಾಗಿ ಬರುವವು ಇವು: ಕೇಪಳ (ಇಕ್ಸೋರಾ ಕಾಕ್ಸಿನಿಯಾ), ಕುಂಟುನೇರಳೆ (ಸಿಜಿಜಿಯಂ ಕ್ಯಾರಿಯೋಫಿಲ್ಲೇಟಂ), ಕರಂಡೆ ಅಥವಾ ಕವಳೆ (ಕ್ಯಾರಿಸ್ಸಾ), ನೆಲ್ಲಿ, ಬಿಳಿ ಮುಳ್ಳುಹಣ್ಣು (ಜಿಜಿಫಸ್ ರುಗೋಸಾ), ಹುಳಿಸೊಪ್ಪು (ಆಕ್ಸಾಲಿಸ್ ಕಾರ್ನಿಕ್ಯುಲೇಟಾ).

ಇವುಗಳಲ್ಲಿ ಕೇಪಳದ ನೆನಪು ಅತ್ಯಂತ ನಿಖರ. ಹೂವಿನ ಉದ್ದನೆಯ ಕೊಳವೆಯನ್ನು ತೊಟ್ಟಿನಿಂದ ಬಿಡಿಸಿ, ಬುಡದಿಂದ ಶಲಾಕೆಯನ್ನು ಮೆಲ್ಲಗೆ ಎಳೆದು, ಅದರ ಜತೆ ಬರುವ ಮಕರಂದದ ಹನಿಯನ್ನು ಹೀರುವ ಕ್ರಮ ಹೂವಿನ ರಚನೆಗೆ ಸರಿಯಾಗಿ ಹೊಂದುತ್ತದೆ. ಹಣ್ಣು ಕೆಂಪಿನಿಂದ ಕಪ್ಪುಗೆಂಪಿಗೆ ತಿರುಗಿದಾಗ ತಿನ್ನುತ್ತಿದ್ದರೆಂಬುದೂ ಸಸ್ಯವಿವರಣೆಗೆ ವಿರುದ್ಧವಲ್ಲ. ಸಾಮಾನ್ಯವಾಗಿ, ಸಸ್ಯದ ಹೆಸರಿಗಿಂತ ತಿಂದ ಭಾಗ ಮತ್ತು ಹಣ್ಣಿನ ಹಂತದ ಕುರಿತ ನೆನಪು ಹೆಚ್ಚು ನಂಬಲರ್ಹವೆಂದು ತೋರುತ್ತದೆ. ಮಕ್ಕಳಿಗೆ ತಪ್ಪಿನ ಫಲ ನಾಲಿಗೆಯ ಮೇಲೆಯೇ ಸಿಗುತ್ತಿದ್ದುದರಿಂದ ಇದು ಸಹಜ.

ಈ ಪಟ್ಟಿಯಲ್ಲಿ ಹುಳಿಸೊಪ್ಪೊಂದನ್ನು ಬಿಟ್ಟರೆ ಉಳಿದವು ಯಾವುವೂ ದುಬೈ ಪರಿಸರದಲ್ಲಿ ಕಾಡುಸಸ್ಯಗಳಲ್ಲ. ಹುಳಿಸೊಪ್ಪು ನೀರುಣ್ಣುವ ಹುಲ್ಲುಹಾಸುಗಳಲ್ಲಿ ಕಳೆಯಾಗಿ ಬರುತ್ತದೆ. ಕಾರಣ ಹುಡುಕುವುದು ಕಷ್ಟವಲ್ಲ. ಉಡುಪಿಯ ವಾರ್ಷಿಕ ಮಳೆ ಸುಮಾರು 4,000 ಮಿ.ಮೀ.; ದುಬೈಯದು 100 ಮಿ.ಮೀ. ಆಸುಪಾಸು ಅಥವಾ ಅದಕ್ಕೂ ಕಡಿಮೆ. ಮುರಕಲ್ಲಿನ ಆಮ್ಲೀಯ ಮಣ್ಣಿಗೆ ಒಗ್ಗಿದ ಗಿಡಗಳು ಸುಣ್ಣ ಮತ್ತು ಉಪ್ಪು ತುಂಬಿದ ಮರಳಿನಲ್ಲಿ ತಾವಾಗಿ ನೆಲೆಯೂರುವುದಿಲ್ಲ.

5. ಉಪ್ಪುನೆಲದ ಸಸ್ಯಗಳು

ಕರಾವಳಿಯವರಿಗೆ ಧಾಮದಲ್ಲಿ ಮೊದಲು ಪರಿಚಿತವೆನಿಸುವುದು ಕಾಂಡ್ಲಾ. ಇಲ್ಲಿನದು ಒಂದೇ ಪ್ರಭೇದ, ಎವಿಸೆನಿಯಾ ಮರೀನಾ. ಕರ್ನಾಟಕದ ಅಳಿವೆಗಳಲ್ಲಿ ಎವಿಸೆನಿಯಾ ಜತೆಗೆ ರೈಜೋಫೊರಾ ಮುಂತಾದವೂ ಇವೆ. ಎವಿಸೆನಿಯಾದ ಎಲೆ ಉಪ್ಪನ್ನು ಹೊರಹಾಕುತ್ತದೆ. ನೆಕ್ಕಿದರೆ ನಾಲಿಗೆಗೆ ತಿಳಿಯುವಷ್ಟು ಉಪ್ಪು ಅದರ ಮೇಲಿರುತ್ತದೆ. ಆದರೆ ನೆಕ್ಕುವುದನ್ನು ತಿನ್ನುವುದರ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲವಾದ್ದರಿಂದ ಕಾಂಡ್ಲಾವನ್ನು ಈ ಹೋಲಿಕೆಯಿಂದ ಹೊರಗಿಟ್ಟಿದೆ.

ಅರಬ್ ಉಪ್ಪುನೆಲದ ತಿನಿಸೆಂದು ನಿಜವಾಗಿ ಹೇಳಬಹುದಾದದ್ದು ತರ್ಥೂತ್ (ಸೈನೊಮೋರಿಯಂ ಕಾಕ್ಸಿನಿಯಂ). ಇದು ಉಪ್ಪುಸಹಿಷ್ಣು ಗಿಡಗಳ ಬೇರಿನ ಮೇಲಿನ ಪರಾವಲಂಬಿ. ಚಳಿಗಾಲದ ಮಳೆಯ ಬಳಿಕ ಮರಳಿನಿಂದ ಕಡುಗೆಂಪು ದಿಂಡು ಮೇಲೇಳುತ್ತದೆ. ಎಳೆಯದಿದ್ದಾಗ ಸಿಪ್ಪೆ ಸುಲಿದು ಹಸಿಯಾಗಿ ತಿನ್ನುವ ರೂಢಿ ಬೆದುಯಿನ್‌ರಲ್ಲಿ ದಾಖಲಾಗಿದೆ. ಕರ್ನಾಟಕದಲ್ಲಿ ಇದಕ್ಕೆ ಸಂಬಂಧಿ ಸಸ್ಯವಿಲ್ಲ.

6. ಹೊಂದುವವು

ಪ್ರಭೇದದ ಮಟ್ಟದಲ್ಲಿ ನಿಜವಾಗಿ ಹೊಂದುವ ಸಸ್ಯಗಳು ಕರಾವಳಿಗಿಂತ ಬಯಲುಸೀಮೆಯವು. ಈ ಟಿಪ್ಪಣಿಯ ಮುಖ್ಯ ಗಮನಿಕೆ ಇದೇ.

(ಅ) ಬನ್ನಿ (ಪ್ರೊಸೊಪಿಸ್ ಸಿನರೇರಿಯಾ). ವಿಜಯದಶಮಿಯಂದು ಎಲೆ ಹಂಚುವ ಬನ್ನಿಯೇ ಎಮಿರೇಟ್ಸ್‌ನ ಗಾಫ್. 2008ರಲ್ಲಿ ಅದನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಲಾಯಿತು. ಕಾಯಿಯ ಒಳಗಿನ ಸಿಹಿ ತಿರುಳು ಎರಡೂ ಕಡೆ ತಿನ್ನಲರ್ಹವೆಂದು ಪರಿಗಣಿತ. ಇದನ್ನು ಬಳ್ಳಾರಿ ಜಾಲಿಯೊಡನೆ ಬೆರೆಸುವ ಸಾಧ್ಯತೆ ಎರಡೂ ದೇಶಗಳಲ್ಲಿ ಉಂಟು. ಬನ್ನಿಯ ಮುಳ್ಳುಗಳು ರೆಂಬೆಯ ಗೆಣ್ಣುಗಳ ನಡುವೆ ಚದುರಿರುತ್ತವೆ. ಜಾಲಿಯವು ಗೆಣ್ಣುಗಳಲ್ಲಿ, ಬಹುಪಾಲು ಜೋಡಿಯಾಗಿ. ಜಾಲಿಯ ಕಾಯಿಯೂ ಸಿಹಿ. ಹಾಗಾಗಿ 'ಸಿಹಿ ಕಾಯಿ' ಎಂಬ ನೆನಪೊಂದೇ ಗುರುತಿಗೆ ಸಾಲದು. 2022ರ ಪರಿಷ್ಕರಣೆಯಲ್ಲಿ ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಜಾತಿಗೆ ಸೇರಿಸಲಾಗಿದೆ. ಬನ್ನಿ ಪ್ರೊಸೊಪಿಸ್‌ನಲ್ಲೇ ಉಳಿದಿದೆ. ಹಳೆಯ ಬರಹಗಳನ್ನು ಓದುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

(ಆ) ಎಲಚಿ ಅಥವಾ ಬೋರೆ. ಇಲ್ಲಿ ಹೊಂದಿಕೆ ಬಹುಪಾಲು ಹತ್ತಿರದ ಸಂಬಂಧಿಯ ಮಟ್ಟದ್ದು. ಕರ್ನಾಟಕದ್ದು ಜಿಜಿಫಸ್ ಮಾರಿಷಿಯಾನಾ. ಎಮಿರೇಟ್ಸ್‌ನ ಸಿದ್ರ್ ಬಹುಪಾಲು ಜಿಜಿಫಸ್ ಸ್ಪೈನಾ-ಕ್ರಿಸ್ಟಿ, ಅದರ ಹಣ್ಣು ನಬಕ್. ಮೊದಲನೆಯದರ ಎಲೆಯ ಅಡಿಭಾಗದಲ್ಲಿ ಬೆಳ್ಳನೆಯ ದಟ್ಟ ರೋಮವಿದ್ದರೆ, ಎರಡನೆಯದರಲ್ಲಿ ರೋಮವಿಲ್ಲ ಅಥವಾ ವಿರಳ. ಮೊದಲನೆಯದನ್ನೂ ಎಮಿರೇಟ್ಸ್‌ನಲ್ಲಿ ಬೆಳೆಸುವುದರಿಂದ ಎಲೆ ತಿರುವಿ ನೋಡದೆ ತೀರ್ಮಾನಿಸಲಾಗದು. ಹಳೆ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯಂದು ಮಕ್ಕಳ ತಲೆಯ ಮೇಲೆ ಎಲಚಿಹಣ್ಣು ಎರೆಯುವ ಪದ್ಧತಿ, ಜನವರಿಯಲ್ಲಿ ಅದು ಹಣ್ಣಾಗುವುದಕ್ಕೆ ಒಳ್ಳೆಯ ಕಾಲಸಾಕ್ಷ್ಯ.

(ಇ) ಗೋಣಿಸೊಪ್ಪು (ಪೋರ್ಟುಲಾಕಾ ಒಲೆರೇಸಿಯಾ). ಎರಡೂ ಕಡೆ ಅದೇ ಪ್ರಭೇದ, ಎರಡೂ ಕಡೆ ಪಾತಿಯ ಕಳೆ. ಹೆಚ್ಚಿನ ಚರ್ಚೆ ಬೇಕಿಲ್ಲ.

(ಈ) ಚುಕ್ಕೆ ಸೊಪ್ಪು (ರುಮೆಕ್ಸ್ ವೆಸಿಕೇರಿಯಸ್). ಕರ್ನಾಟಕದಲ್ಲಿ ಇದು ಮುಖ್ಯವಾಗಿ ಸಂತೆಯ ಸೊಪ್ಪು, ಅಂದರೆ ಬೆಳೆ. ಎಮಿರೇಟ್ಸ್‌ನಲ್ಲಿ ಹಜರ್ ಪರ್ವತಗಳ ಜಲ್ಲಿಕಣಿವೆಗಳಲ್ಲಿ ಚಳಿಗಾಲದ ಮಳೆಯ ನಂತರ ಕಾಡುಗಿಡವಾಗಿ ಏಳುತ್ತದೆ. ಹುಳಿ ಎಲೆಯನ್ನು ಅಲ್ಲಿನವರು ಹಸಿಯಾಗಿಯೇ ಮೆಲ್ಲುತ್ತಾರೆ. ಊರಿನಲ್ಲಿ ಬೇಳೆಯ ಜತೆ ಬೇಯುವ ಸೊಪ್ಪು ಅಲ್ಲಿ ದಾರಿಬದಿಯ ತಿನಿಸಾಗಿರುವುದು ಕುತೂಹಲಕರ. ಆದರೆ ಇದು ರಾಸ್ ಅಲ್ ಖೋರ್‌ನ ಸಸ್ಯವಲ್ಲ, ಪರ್ವತದ್ದು.

ಮಿಸ್ವಾಕ್ ಕಡ್ಡಿಯ ಮರ (ಸಾಲ್ವಡೋರಾ ಪರ್ಸಿಕಾ) ಮತ್ತು ಚಳ್ಳೆಹಣ್ಣಿನ ಮರ (ಕಾರ್ಡಿಯಾ ಮಿಕ್ಸಾ) ಕೂಡ ಇದೇ ಗುಂಪಿನವು. ಚಳ್ಳೆ ಎಮಿರೇಟ್ಸ್‌ನಲ್ಲಿ ನೆಟ್ಟು ಬೆಳೆಸಿದ್ದು.

7. ನೆಟ್ಟ ಗಿಡಗಳು

ಕೈಗಾರಿಕಾ ಪ್ರದೇಶದ ಅಂಚಿನಲ್ಲೂ ವಸತಿ ಬಡಾವಣೆಗಳಲ್ಲೂ ಇಕ್ಸೋರಾ, ದಾಸವಾಳ, ಲಂಟಾನಗಳನ್ನು ಅಲಂಕಾರಕ್ಕೆ ಬೆಳೆಸುತ್ತಾರೆ. 'ದುಬೈಯಲ್ಲೂ ಕೇಪಳದ ಜೇನು ಹೀರಿದೆವು' ಎಂಬಂಥ ಹೇಳಿಕೆ ಸಿಕ್ಕರೆ ಅದು ಈ ಗಿಡಗಳದಿರಬಹುದು, ಕಾಡುಸಸ್ಯದ್ದಲ್ಲ. ನರ್ಸರಿಯ ಇಕ್ಸೋರಾಗಳಲ್ಲಿ ಇತರ ಪ್ರಭೇದಗಳೂ ಮಿಶ್ರತಳಿಗಳೂ ಸಾಮಾನ್ಯ. ಇವನ್ನು ಬಾಯಿಗಿಡುವ ಮುನ್ನ ಎಚ್ಚರ ಬೇಕು: ಸಾರ್ವಜನಿಕ ಹಸಿರಿಗೆ ಶುದ್ಧೀಕರಿಸಿದ ತ್ಯಾಜ್ಯನೀರನ್ನು ಉಣಿಸುವುದು ದುಬೈಯಲ್ಲಿ ವ್ಯಾಪಕ. ಕೀಟನಾಶಕದ ಬಳಕೆಯೂ ಉಂಟು. ಕಣಗಿಲೆಯೂ ಇದೇ ಸಾಲುಗಳಲ್ಲಿ ಇರುತ್ತದೆ, ಅದರ ಎಲ್ಲ ಭಾಗಗಳೂ ವಿಷ.

ಲಂಟಾನದ ವಿಷಯದಲ್ಲಿ ಆಕರಗಳೇ ಒಮ್ಮತದಲ್ಲಿಲ್ಲ. ಕಪ್ಪಾದ ಹಣ್ಣನ್ನು ತಿಂದ ನೆನಪು ಕರ್ನಾಟಕದಾದ್ಯಂತ ಇದೆ. ಜಾನುವಾರುಗಳಿಗೆ ಅದರ ಎಲೆ ವಿಷವೆಂಬುದು ಸ್ಥಾಪಿತ. 1964ರಲ್ಲಿ ವುಲ್ಫ್‌ಸನ್ ಮತ್ತು ಸಾಲಮನ್ಸ್ ಹಸಿರು ಕಾಯಿ ತಿಂದ ಮಕ್ಕಳಲ್ಲಿ ವಿಷಬಾಧೆಯನ್ನು ವರದಿ ಮಾಡಿದರು. 2010ರಲ್ಲಿ ಕ್ಯಾಲಿಫೋರ್ನಿಯಾದ ವಿಷಮಾಹಿತಿ ಕೇಂದ್ರದ ದಾಖಲೆಗಳನ್ನು ಆಧರಿಸಿದ ಅಧ್ಯಯನ ಮಕ್ಕಳಲ್ಲಿ ಗಂಭೀರ ಪರಿಣಾಮ ಕಂಡಿಲ್ಲವೆಂದಿತು. ಇವೆರಡು ಪರಸ್ಪರ ವಿರುದ್ಧವೇ ಆಗಬೇಕಿಲ್ಲ: ತಳಿ, ಕಾಯಿಯ ಹಂತ ಮತ್ತು ಪ್ರಮಾಣದಲ್ಲಿ ವ್ಯತ್ಯಾಸವಿರಬಹುದು. ಹಸಿರು ಕಾಯಿಯನ್ನು ನಿರಪಾಯವೆನ್ನಲು ಮಾತ್ರ ಇಷ್ಟು ಆಧಾರ ಸಾಲದು.

8. ತಾತ್ಕಾಲಿಕ ತೀರ್ಮಾನ ಮತ್ತು ವಿನಂತಿ

ಕರಾವಳಿಯಿಂದ ಬಂದವರಿಗೆ ರಾಸ್ ಅಲ್ ಖೋರ್‌ನ ನೋಟ, ಅಂದರೆ ಅಳಿವೆ, ಕಾಂಡ್ಲಾ, ಕೆಸರು, ಪರಿಚಿತವೆನಿಸಬಹುದು. ತಿನಿಸಿನ ಸಸ್ಯಗಳ ಹೊಂದಿಕೆ ಮಾತ್ರ ವಿಜಯಪುರ, ಬಳ್ಳಾರಿ ಕಡೆಯವರ ಪಟ್ಟಿಯೊಡನೆ ಹೆಚ್ಚು. ಮೇಲಿನ ಪಟ್ಟಿಗಳು ಸಮಗ್ರವಲ್ಲವಾದ್ದರಿಂದ ಈ ತೀರ್ಮಾನ ತಿದ್ದುಪಡಿಗೆ ತೆರೆದಿದೆ.

ಇಂಥ ನೆನಪುಗಳನ್ನು ಬರೆದಿಡುವವರಲ್ಲಿ ಒಂದು ವಿನಂತಿ: ಹೆಸರಿನ ಜತೆಗೆ ತಾಲೂಕು, ತಿಂಗಳು, ತಿಂದ ಭಾಗ, ಅದು ಕಾಯಿಯೋ ಹಣ್ಣೋ ಎಂಬುದನ್ನು ನಮೂದಿಸಿ, ಗಿಡ ಇನ್ನೂ ಇದ್ದರೆ ಎಲೆಯ ಅಡಿಭಾಗ ಮತ್ತು ಮುಳ್ಳಿನ ಬುಡ ಕಾಣುವಂತೆ ಒಂದು ಚಿತ್ರ ತೆಗೆದಿಡಿ.