ದಂಡಿಗೆ ಹೋದವರ ಮನೆಯ ಹೊಲಿಗೆ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಹಡಪಸರಕ್ಕೆ ಅಂಟಿಕೊಂಡಂತೆ ಮಗರಪಟ್ಟಾ ಎಂಬ ಬಡಾವಣೆಯಿದೆ. ಮಗರ ಎಂಬ ಅಡ್ಡಹೆಸರಿನ ರೈತ ಮನೆತನಗಳು ತಮ್ಮ ಸುಮಾರು 400 ಎಕರೆ ಹೊಲವನ್ನು ಮಾರಿ ಚದರಿಹೋಗದೆ, ಒಟ್ಟುಗೂಡಿಸಿ 2000ದ ಸುಮಾರಿಗೆ ಅಲ್ಲಿ ಹೊಸ ಊರನ್ನು ಕಟ್ಟತೊಡಗಿದವು. ಇಂದು ಅಲ್ಲಿ ನೆಲಸಿರುವವರಿಗೆ ಅದು ಗಣಕಯಂತ್ರದ ಕಚೇರಿಗಳ ಊರು. ಆದರೆ ಈ ನೆಲಕ್ಕೂ ದಂಡಿಗೂ ಇರುವ ನಂಟು ಬಹು ಹಳೆಯದು. 1802ರ ಅಕ್ಟೋಬರ್ 25ರಂದು, ದೀಪಾವಳಿಯ ಹಬ್ಬದಲ್ಲಿ, ಯಶವಂತರಾವ್ ಹೋಳಕರನು ಪೇಶವೆ ಮತ್ತು ಶಿಂದೆಯರ ಕೂಡುಸೈನ್ಯವನ್ನು ಸೋಲಿಸಿದ್ದು ಇದೇ ಹಡಪಸರದ ಬಯಲಿನಲ್ಲಿ. ಪಡುವಲಿಗೆ ಸ್ವಲ್ಪ ದೂರದಲ್ಲಿಯೇ ವಾನವಡಿ, ಘೋರ್ಪಡಿಗಳಿವೆ. 1817ರ ಖಡಕಿಯ ಕಾಳಗದ ತರುವಾಯ ಇಂಗ್ಲಿಷರು ಪುಣೆಯಲ್ಲಿ ನೆಲೆಗೊಳಿಸಿದ ದಂಡು ಈ ಭಾಗವನ್ನೆಲ್ಲ ಆವರಿಸಿತು. ಭಾರತೀಯ ಸೇನೆಯ ದಕ್ಷಿಣ ವಿಭಾಗದ ಮುಖ್ಯ ಠಾಣ್ಯ ಇಂದಿಗೂ ಪುಣೆಯೇ.

ದಂಡಿನ ಊರಿನ ಚರಿತ್ರೆಯನ್ನು ಕಾಳಗಗಳಿಂದಲೂ ಸೇನಾಪತಿಗಳ ಹೆಸರುಗಳಿಂದಲೂ ಬರೆಯುವುದು ರೂಢಿ. ಸಿಪಾಯಿಯು ಹೊರಟುಹೋದ ಮೇಲೆ ಅವನ ಮನೆಯಲ್ಲಿ ನಡೆದುದು ಆ ಚರಿತ್ರೆಯೊಳಗೆ ಬರುವುದಿಲ್ಲ. ಅವನು ಎಲ್ಲಿದ್ದರೂ ಅವನ ಮಕ್ಕಳು ಬೆಳೆಯುತ್ತಿದ್ದರು. ಬೆಳೆಯುವ ಮೈಗೆ ಬಟ್ಟೆ ಬೇಕಾಗಿತ್ತು. ಅದನ್ನು ಹೊಲಿಯುವ ಕೈ ಮನೆಯಲ್ಲಿ ಉಳಿದ ಹೆಂಗಸಿನದಾಗಿತ್ತು. ಯುದ್ಧಕಾಲದ ಸ್ತ್ರೀಸೇವೆಯೆಂದು ಯಾವುದನ್ನು ಎಣಿಸಿದರು, ಯಾವುದನ್ನು ಎಣಿಸಲಿಲ್ಲ ಎಂಬುದು ಈ ಒಂದು ಕೆಲಸದಿಂದಲೇ ಚೆನ್ನಾಗಿ ಗೊತ್ತಾಗುತ್ತದೆ.

ಕನ್ನಡ ನಾಡು ಈ ವಿಷಯದಲ್ಲಿ ತೀರ ಉದಾಸೀನವಾಗಿತ್ತೆಂದು ಹೇಳಲಾಗದು. ಊರಿಗಾಗಿ, ತುರುವಿಗಾಗಿ ಬಿದ್ದವನಿಗೆ ವೀರಗಲ್ಲು ನಿಂತಿತು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ದೊರೆಯಿತು. ಗಂಡನೊಡನೆ ಚಿತೆಯೇರಿದವಳಿಗೂ ಮಹಾಸತಿಕಲ್ಲು ನಿಂತಿತು. ಕಲ್ಲು ದೊರೆಯದೆ ಹೋದವಳೆಂದರೆ, ಗಂಡ ಸಾಯದೆ ದೂರವಿರುವಾಗ ತಾನೂ ಸಾಯದೆ ಮಕ್ಕಳನ್ನು ಸಾಕಿದವಳು. ನಿಜ, ಅಂದಿನ ದಂಡಯಾತ್ರೆಗೆ ಒಂದು ಋತುವಿತ್ತು. ಮರಾಠರ ಕಾಲದಲ್ಲಿಯೂ ದಸರೆಯ ಸೀಮೋಲ್ಲಂಘನ ಮುಗಿಸಿ ಹೊರಟ ದಂಡು ಸಾಮಾನ್ಯವಾಗಿ ಮಳೆಗಾಲಕ್ಕೆ ಮುಂಚೆ ಹಿಂತಿರುಗುತ್ತಿತ್ತು. ಒಂದು ಅಂಗಿ ಹರಿಯುವಷ್ಟರಲ್ಲಿ ತಂದೆ ಮನೆಗೆ ಬರುತ್ತಿದ್ದ.

ಆ ಅಂಗಿಯ ಸ್ವರೂಪವನ್ನೂ ಇಲ್ಲಿ ನೋಡಬೇಕು. ಹೊಲಿಗೆ ಒಂದು ಕಸುಬಾಗಿ ನಮ್ಮಲ್ಲಿ ಪ್ರಾಚೀನವಾದುದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯಿದ್ದಾನೆ, ಮರಾಠಿ ಸಂತರಲ್ಲಿ ನಾಮದೇವನು ಶಿಂಪಿಗರವನು. ಆದರೆ ಸಿಂಪಿಗನ ಕೈಗೆ ಹೋಗುತ್ತಿದ್ದುದು ದೊಡ್ಡವರ ಉಡುಪು. ಎಳೆಯ ಮಕ್ಕಳ ಬಟ್ಟೆ ಬಹುಮಟ್ಟಿಗೆ ಮನೆಯಲ್ಲಿಯೇ ಆಗುತ್ತಿತ್ತು. ತಲೆಗೆ ಕುಲಾವಿ, ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆ, ಮೈಗೆ ಝಬಲೆ, ಹಾಸಲು ಹೊದೆಯಲು ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಕೂಡಿಸಿ ಹೊಲಿದ ಕೌದಿ. ಹೊಸ ಬಟ್ಟೆಗಿಂತ ಬಳಸಿ ಮೆತ್ತಗಾದ ಬಟ್ಟೆಯೇ ಕೂಸಿಗೆ ಹಿತವೆಂಬ ತಿಳಿವಳಿಕೆ ಇದರ ಹಿಂದೆ ಇತ್ತು, ಬಡತನವೂ ಇತ್ತು. ಕುಂಚಿಗೆಗೆ ಮಾತ್ರ ಗುಳೇದಗುಡ್ಡದ ಖಣವೇ ಆಗಬೇಕೆಂಬ ಹಟ ಕೃಷ್ಣೆಯ ಎರಡೂ ದಂಡೆಗಳಲ್ಲಿತ್ತು. ಕನ್ನಡಿಗರು ಕುಂಚಿಗೆಯೆನ್ನುವುದನ್ನು ಮರಾಠಿಗರು ಕುಂಚಿಯೆಂದರು. ಬಟ್ಟೆ ಬಾಗಿಲುಕೋಟೆಯ ಕಡೆಯ ಮಗ್ಗದ್ದು, ತೊಡುವ ಕೂಸು ಪುಣೆಯದು. ಪುಣೆಗೆ ವಲಸೆ ಬಂದವರಲ್ಲಿ ಮೊದಲಿಗರ ಹೆಸರು ಹೇಳುವಾಗ ಈ ಬಟ್ಟೆಯನ್ನು ಯಾರೂ ನೆನೆಯುವುದಿಲ್ಲ.

ಮಗು ನಡೆಯತೊಡಗಿದ ಮೇಲಿನ ಹೊಲಿಗೆಯಲ್ಲಿ ಒಂದು ಜಾಣ್ಮೆಯಿತ್ತು. ಹೆಣ್ಣುಮಗುವಿನ ಪರಕರದ ಅಂಚಿನ ಮೇಲೆ ಎರಡು ಮೂರು ಒಳಮಡಿಕೆ ಹಿಡಿದು, ಪೋಲಕದ ಪಕ್ಕೆಗಳಲ್ಲಿ ಬೆರಳಗಲ ಬಟ್ಟೆ ಉಳಿಸಿ ಹೊಲಿಯುವರು. ಮಗು ಬೆಳೆದಂತೆ ಒಂದೊಂದೇ ಮಡಿಕೆಯನ್ನು ಬಿಚ್ಚುವರು. ಬಿಚ್ಚಿದ ಕಡೆ ಬಣ್ಣ ಮಾಸದ ಒಂದು ಪಟ್ಟಿ ಎದ್ದು ಕಾಣುವುದು. ಎಲ್ಲ ಮನೆಗಳಲ್ಲಿಯೂ ಇದು ಮಿತವ್ಯಯದ ಉಪಾಯವೇ. ತಂದೆ ದಂಡಿನಲ್ಲಿದ್ದ ಮನೆಯಲ್ಲಿ ಅವನು ನೋಡದೆ ಕಳೆದ ವರ್ಷಗಳಿಗೂ ಅದೇ ಲೆಕ್ಕವಾಯಿತು.

1914ರಲ್ಲಿ ಈ ಲೆಕ್ಕ ಒಮ್ಮೆಲೇ ಬದಲಾಯಿತು. ದಂಡು ಈಗ ಋತುವನ್ನು ನೋಡಿ ಹಿಂತಿರುಗುವಂಥದಾಗಿರಲಿಲ್ಲ. ಅದು ಸಮುದ್ರವನ್ನು ದಾಟಿತು. ಮೊದಲನೆಯ ಮಹಾಯುದ್ಧದಲ್ಲಿ 10 ಲಕ್ಷಕ್ಕೂ ಮಿಕ್ಕಿದ ಭಾರತೀಯರು ಹೊರದೇಶಗಳಿಗೆ ಹೋದರು. ಪಶ್ಚಿಮ ಭಾರತದ ಮರಾಠಾ ಪಲಟಣಗಳಲ್ಲಿ 103, 110 ಮತ್ತು 117ನೆಯವು ಮೆಸೊಪೊಟೇಮಿಯದ ಕುತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ತುರ್ಕರಿಗೆ ಸೆರೆಯಾದವು. ತುರ್ಕರೊಡನೆಯ ಯುದ್ಧ ಮುಗಿದುದು 1918ರ ಅಕ್ಟೋಬರಿನ ಕೊನೆಗೆ. ಸೆರೆಯ ದಾರಿಯಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತವರು ಬಹು ಮಂದಿ. ಕೂಸನ್ನು ಕುಂಚಿಗೆಯಲ್ಲಿ ಬಿಟ್ಟುಹೋಗಿದ್ದವನು ಬದುಕಿ ಬಂದರೆ ಎದುರಿಗೆ ನಿಲ್ಲುತ್ತಿದ್ದುದು ಪರಕರ ತೊಟ್ಟು ತನ್ನನ್ನು ಗುರುತಿಸದ ಮಗಳು.

ಯುದ್ಧದ ಆರಂಭದಲ್ಲಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ, ಮೇಲೆ ಭತ್ಯೆ. ಅದರಲ್ಲಿ ಮನೆಗೆ ಬಂದು ಮುಟ್ಟಿದ್ದರಲ್ಲಿ ಕಾಳುಕಡಿ, ಸಾಲ, ಕಂದಾಯ ತೀರಬೇಕು. ಇತ್ತ ಹಡಗುಗಳು ಯುದ್ಧಕ್ಕೆ ಹೋಗಿ ಮ್ಯಾಂಚೆಸ್ಟರಿನ ಬಟ್ಟೆ ಬರುವುದು ಕಡಿಮೆಯಾಯಿತು, ಅರಿವೆಯ ಬೆಲೆ ಏರಿತು. 1918ರಲ್ಲಿ ಸರಕಾರ ಹತ್ತಿಬಟ್ಟೆಯ ಕಾಯಿದೆಯನ್ನು ಮಾಡಿ ಬಡವರಿಗಾಗಿ ಅಗ್ಗದ ‘ಸ್ಟ್ಯಾಂಡರ್ಡ್’ ಬಟ್ಟೆಯನ್ನು ಹೊರಡಿಸಬೇಕಾಯಿತು. ಇಂಥ ಕಾಲದಲ್ಲಿ ತಂದೆಯ ಹಳೆಯ ಧೋತರವನ್ನು ಕತ್ತರಿಸಿ ಮಗನಿಗೆ ಅಂಗಿ ಹೊಲಿದವಳ ಕೆಲಸವು ಮನೆಗೆಲಸ ಮಾತ್ರವೆಂದು ಹೇಳುವುದು ನ್ಯಾಯವಲ್ಲ. ಸರಕಾರ ಕೊಡದೆ ಉಳಿಸಿಕೊಂಡ ಸಂಬಳದ ಒಂದು ಭಾಗವನ್ನು ಅವಳು ಸೂಜಿಯಿಂದ ತುಂಬಿಕೊಟ್ಟಳು.

ಎಣಿಕೆಗೆ ಬಂದ ಹೊಲಿಗೆಯೇ ಬೇರೆ. ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ ಅವರ ಮುಂದಾಳುತನದಲ್ಲಿ ಮುಂಬಯಿ ಇಲಾಖೆಯ ಯುದ್ಧ ಪರಿಹಾರ ನಿಧಿಯ ಸ್ತ್ರೀಶಾಖೆ ಸೈನಿಕರಿಗಾಗಿ, ಆಸ್ಪತ್ರೆಗಳಿಗಾಗಿ ಉಡುಪುಗಳನ್ನು ಹೊಲಿಯಿಸಿತು. ಅದು ಸೇವೆಯೆಂದು ದಾಖಲೆಯಾಯಿತು. 1962ರ ಚೀನೀ ಆಕ್ರಮಣದ ಸಮಯದಲ್ಲಿ ದೇಶದ ಹೆಂಗಸರು ಜವಾನರಿಗಾಗಿ ಉಣ್ಣೆಯ ಅಂಗಿ ಹೆಣೆದುದನ್ನೂ ಎಲ್ಲರೂ ನೆನೆಯುತ್ತಾರೆ. ನೆನೆಯತಕ್ಕದ್ದೇ. ಆದರೆ ಕಾಣದ ಜವಾನನಿಗೆ ಹೆಣೆದ ಅಂಗಿ ದೇಶಸೇವೆಯಾಗಿ, ಅದೇ ಜವಾನನ ಮಗುವಿಗೆ ಹೊಲಿದ ಅಂಗಿ ಏನೂ ಅಲ್ಲದ್ದಾದುದು ವಿಚಿತ್ರ.

ಹೊಲಿಗೆಯ ಯಂತ್ರ ಈ ಸ್ಥಿತಿಯನ್ನು ಸ್ವಲ್ಪ ಬದಲಾಯಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಿಂಗರ್ ಯಂತ್ರ ಭಾರತದ ಪೇಟೆಗಳಿಗೆ ಬಂದು, ಕಂತಿನ ಮೇಲೆ ದೊರೆಯುತ್ತಿತ್ತು. 1930ರ ದಶಕದಲ್ಲಿ ಕಲಕತ್ತೆಯಲ್ಲಿ ದೇಶೀಯ ‘ಉಷಾ’ ಹುಟ್ಟಿತು. ಯಂತ್ರ ಬಂದರೆ ಸಾಲದು, ಕಲಿಸುವವರು ಬೇಕು. ರಮಾಬಾಯಿ ರಾನಡೆಯವರು 1909ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಸೇವಾಸದನವು ಓದುಬರಹದೊಡನೆ ಹೊಲಿಗೆಯನ್ನೂ ಕಲಿಸಿ, ಸೂಜಿಯನ್ನು ಹೆಂಗಸಿನ ಜೀವನೋಪಾಯವೆಂದು ಮಾನ್ಯ ಮಾಡಿತು. ಸ್ವಂತ ಮಕ್ಕಳಿಗೆ ಹೊಲಿಯಬಲ್ಲವಳು ನೆರೆಯವರಿಗೂ ಹೊಲಿಯಬಲ್ಲಳು. ಮನಿಯಾರ್ಡರು ತಡವಾದ ತಿಂಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೇನೆ 25 ಲಕ್ಷಕ್ಕೆ ಬೆಳೆಯಿತು. ಬೆಳಗಾವಿಯಲ್ಲಿ 1922ರಿಂದ ಕೇಂದ್ರವನ್ನು ಹೊಂದಿದ್ದ ಮರಾಠಾ ರೆಜಿಮೆಂಟಿನವರು 1941ರಲ್ಲಿ ಎರಿಟ್ರಿಯದ ಕೆರೆನ್‌ನಲ್ಲಿ, 1944-45ರಲ್ಲಿ ಇಟಲಿಯಲ್ಲಿ ಕಾದಿದರು. ಬಟ್ಟೆಯ ಅಭಾವವೋ ಹಿಂದಿಗಿಂತ ಘೋರವಾಯಿತು. 1943ರ ನಿಯಂತ್ರಣದ ಆಜ್ಞೆಯಿಂದ ನೂಲು ಬಟ್ಟೆಗಳಿಗೆ ಬೆಲೆ ಕಟ್ಟಿದರು. ಆಮೇಲೆ ಪಾಲಿನ ಬಟ್ಟೆ ಬಂದಿತು. ಗಿರಣಿಗಳು ಸೈನ್ಯಕ್ಕಾಗಿ ನೇಯುತ್ತಿದ್ದಾಗ ಸೈನಿಕನ ಮಗುವಿನ ಅಂಗಿಗೆ ಅರಿವೆ ಕೈಗೆಟುಕದಾಯಿತು. ತಂದೆಯ ಖಾಕಿಗೆ ಕೊರತೆಯಿರಲಿಲ್ಲ.

ಸ್ವಾತಂತ್ರ್ಯದ ತರುವಾಯ ದೂರದ ನಿಯೋಜನೆಗಳು ನಿಲ್ಲಲಿಲ್ಲ. 1953ರಲ್ಲಿ ಕೊಡಗಿನ ತಿಮ್ಮಯ್ಯನವರು ಕೊರಿಯದ ಸೆರೆಯಾಳುಗಳ ಆಯೋಗದ ಅಧ್ಯಕ್ಷರಾಗಿ ಹೋದಾಗ ಕೊಲ್ಲಾಪುರ ಸೀಮೆಯ ಥೋರಾತರ ಕೈಕೆಳಗೆ ಭಾರತೀಯ ಪಡೆಯೂ ಹೋಯಿತು. ಗಡಿಯ ಠಾಣ್ಯಗಳಿಗೆ ಸಂಸಾರವನ್ನು ಒಯ್ಯುವಂತಿಲ್ಲ. ಆದುದರಿಂದ ಶಾಂತ ಪ್ರದೇಶದ ಊರುಗಳಲ್ಲಿ ಅಗಲಿದ ಕುಟುಂಬಗಳಿಗೆಂದೇ ವಸತಿಗಳಾದವು. ಪತ್ರದ ಮೇಲೆ ಊರಿನ ಹೆಸರಿಲ್ಲದೆ ‘56 ಎ.ಪಿ.ಒ.’ ಎಂದಷ್ಟೆ ಬರೆಯುವ ವಿಳಾಸ ಈ ವಸತಿಗಳ ಮಕ್ಕಳಿಗೆ ಬಾಯಿಪಾಠ. ಅಂಥ ಪತ್ರದೊಳಗೆ ಮಗುವಿನ ಅಳತೆಯ ದಾರವನ್ನು ಇಟ್ಟರೂ ಅದು ಮುಟ್ಟುವುದರೊಳಗೆ ಮಗು ಒಂದು ಬೆರಳು ಬೆಳೆದಿರುತ್ತದೆ. ರಜೆಯಲ್ಲಿ ಬರುವವನು ಕೊಂಡು ತಂದ ಫ್ರಾಕು ಬಿಗಿಯಾಗುವುದು ಇದರಿಂದಲೇ. ಅದನ್ನು ಬಿಚ್ಚಿ ಪಕ್ಕೆಗೆ ತುಂಡು ಹಾಕುವವಳು ಮತ್ತೆ ತಾಯಿಯೇ.

1966ರಲ್ಲಿ ಸೈನಿಕಪತ್ನಿಯರ ಕಲ್ಯಾಣ ಸಂಘ ‘ಆವಾ’ ಸ್ಥಾಪಿತವಾದಾಗ ಅದರ ಕೇಂದ್ರಗಳಲ್ಲಿ ಕಲಿಸುವ ಕಸುಬುಗಳಲ್ಲಿ ಹೊಲಿಗೆ ಸೇರಿತು. ಇಷ್ಟು ತಡವಾಗಿಯಾದರೂ ಸೇನೆಯ ಆವರಣದೊಳಗೆ ಈ ಕೆಲಸಕ್ಕೆ ಒಂದು ಕೊಠಡಿ, ಒಂದು ಹಾಜರಿಪುಸ್ತಕ ದೊರೆತವು. ಸಿದ್ಧ ಉಡುಪುಗಳು ಅಗ್ಗವಾದ ಮೇಲೆ ಮಕ್ಕಳ ಬಟ್ಟೆಯನ್ನು ಮನೆಯಲ್ಲಿ ಹೊಲಿಯುವುದು ಕಡಿಮೆಯಾಗಿದೆ. ಆದರೂ ಪುಣೆಯ ತುಳಶೀಬಾಗಿನ ಅಂಗಡಿಗಳಲ್ಲಿ ಖಣದ ಕುಂಚಿ ಇಂದಿಗೂ ಸಿಗುತ್ತದೆ. ಹಡಪಸರದ ಕಡೆಯ ಕನ್ನಡ ಮನೆಗಳವರು ನಾಮಕರಣಕ್ಕೆ ಅದನ್ನು ಕೊಂಡು ಒಯ್ಯುವಾಗ ಮರಾಠಿಯಲ್ಲಿ ಬೆಲೆ ಮಾಡಿ, ಕನ್ನಡದಲ್ಲಿ ಅದರ ಹೆಸರು ಹೇಳಿಕೊಳ್ಳುತ್ತಾರೆ.