ಲೆಕ್ಕದ ಶಾಸ್ತ್ರ ಮತ್ತು ಗೋದಾವರಿಯ ನೀರು

ಗಣಿತವೆಂದರೆ ಪರೀಕ್ಷೆ ಮುಗಿದ ಮೇಲೆ ಮರೆಯತಕ್ಕ ವಿಷಯವೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಇರುವುದು ಇಷ್ಟು, ಬೇಕಾದುದು ಅಷ್ಟು, ಯಾರಿಗೆ ಎಷ್ಟನ್ನು ಯಾವಾಗ ಕೊಡಬೇಕು ಎಂಬ ಪ್ರಶ್ನೆ ಎದ್ದಾಗ ಅದರ ನೆನಪು ತಾನಾಗಿ ಆಗುತ್ತದೆ. ಇಂಥ ಪ್ರಶ್ನೆಗಳಿಗೆಂದೇ ಬೆಳೆದ ಶಾಸ್ತ್ರ ‘ಆಪರೇಷನಲ್ ರಿಸರ್ಚ್’. ಕನ್ನಡದಲ್ಲಿ ಕಾರ್ಯಾಚರಣ ಸಂಶೋಧನೆ ಎನ್ನಬಹುದು. ಯುದ್ಧದಲ್ಲಿ ಬೆಳೆದ ಈ ಶಾಸ್ತ್ರ ಭಾರತಕ್ಕೆ ಬಂದು, ಆಫ್ರಿಕಕ್ಕೂ ಹಬ್ಬಿದ ಕಥೆ ಸ್ವಾರಸ್ಯಕರವಾಗಿದೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಸಂಗಡಿಗರು ಸೈನ್ಯದ ಸಮಸ್ಯೆಗಳನ್ನು ಪ್ರಯೋಗಶಾಲೆಯ ರೀತಿಯಲ್ಲಿ ಪರೀಕ್ಷಿಸಿದರು. ಸರಕು ಹಡಗುಗಳು ಸಣ್ಣ ಗುಂಪಿನಲ್ಲಿ ಹೋದರೆ ಕ್ಷೇಮವೋ, ದೊಡ್ಡ ಗುಂಪಿನಲ್ಲೋ? ಅಂಕಿಗಳನ್ನು ನೋಡಿದಾಗ ದೊಡ್ಡ ಗುಂಪೇ ಮೇಲೆಂದು ತಿಳಿಯಿತು. ಹಡಗುಗಳ ಸಂಖ್ಯೆ ಇಮ್ಮಡಿಯಾದರೂ ಗುಂಪಿನ ಸುತ್ತಳತೆ ಇಮ್ಮಡಿಯಾಗುವುದಿಲ್ಲ. ಆದ್ದರಿಂದ ಅಷ್ಟೇ ಕಾವಲು ಹಡಗುಗಳು ಹೆಚ್ಚು ಸರಕನ್ನು ಕಾಯಬಲ್ಲವು. ಶಾಲೆಯಲ್ಲಿ ಕಲಿತ ವರ್ತುಲದ ಲೆಕ್ಕ ಪ್ರಾಣಗಳನ್ನು ಉಳಿಸಿತು.

ಇದೇ ಬ್ಲ್ಯಾಕೆಟ್ ೧೯೪೭ರಲ್ಲಿ ದೆಹಲಿಯ ವಿಜ್ಞಾನ ಕಾಂಗ್ರೆಸ್ಸಿಗೆ ಬಂದರು. ನೆಹರೂ ಅವರು ರಕ್ಷಣಾ ವಿಜ್ಞಾನದ ಬಗ್ಗೆ ಅವರ ಸಲಹೆ ಪಡೆದರು. ೧೯೪೯ರಲ್ಲಿ ಹೈದರಾಬಾದಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಈ ಶಾಸ್ತ್ರದ ಒಂದು ಘಟಕ ಆರಂಭವಾಯಿತು. ಕಲ್ಕತ್ತೆಯಲ್ಲಿ ಮಹಾಲನೋಬಿಸ್ ಅವರು ಪಂಚವಾರ್ಷಿಕ ಯೋಜನೆಯ ಕೆಲಸಕ್ಕೆ ಇದನ್ನು ಬಳಸಿದರು. ೧೯೫೭ರಲ್ಲಿ ‘ಆಪರೇಷನಲ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ’ ಹುಟ್ಟಿತು. ೧೯೫೯ರಲ್ಲಿ ಬ್ರಿಟನ್, ಅಮೆರಿಕ, ಫ್ರಾನ್ಸ್ ದೇಶಗಳ ಸಂಘಗಳು ಸೇರಿ ‘ಇಫೋರ್ಸ್’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಮರುವರ್ಷವೇ ಭಾರತ ಅದರ ಸದಸ್ಯವಾಯಿತು. ೧೯೬೪ರಿಂದ ‘ಆಪ್‌ಸರ್ಚ್’ ಎಂಬ ಪತ್ರಿಕೆಯೂ ಹೊರಟಿತು. ಹೊರಗಿನಿಂದ ಬಂದ ವಿದ್ಯೆ ಹೀಗೆ ಹದಿನೈದು ವರ್ಷಗಳಲ್ಲಿ ಇಲ್ಲಿಯದೇ ಆಯಿತು.

ಆಫ್ರಿಕದ ದಾರಿ ಇಷ್ಟು ಸುಗಮವಾಗಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ೧೯೬೯ರಲ್ಲೇ ಸಂಘವೊಂದು ಸ್ಥಾಪನೆಯಾಯಿತಾದರೂ ಅದು ವರ್ಣಭೇದ ನೀತಿಯ ಕಾಲ. ಹೊಸದಾಗಿ ಸ್ವತಂತ್ರವಾದ ಇತರ ದೇಶಗಳಿಗೆ ಪರದೇಶಗಳ ತಜ್ಞರು ಬಂದು ವರದಿ ಬರೆದುಕೊಟ್ಟು ಹಿಂದಿರುಗುವುದೇ ಹೆಚ್ಚಾಗಿತ್ತು. ಪ್ರಶ್ನಿಸುವ, ತಿದ್ದುವ ಸ್ಥಳೀಯ ಬಳಗವಿಲ್ಲದಿದ್ದರೆ ವರದಿ ಕಪಾಟು ಸೇರುತ್ತದೆ. ಸರಕಾರಿ ಕಚೇರಿಯಲ್ಲಿ ಕಡತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೊರತೆಯನ್ನು ನೀಗಲು ಇಫೋರ್ಸ್ ಅಭಿವೃದ್ಧಿಗಾಗಿಯೇ ಸಮ್ಮೇಳನಗಳನ್ನು ಏರ್ಪಡಿಸಿತು. ಮೊದಲನೆಯದು ನಡೆದದ್ದು ೧೯೯೨ರಲ್ಲಿ, ನಮ್ಮ ಅಹಮದಾಬಾದಿನಲ್ಲಿ. ೨೦೦೧ರ ಸಮ್ಮೇಳನ ದಕ್ಷಿಣ ಆಫ್ರಿಕದ ಕ್ರೂಗರ್ ಅಭಯಾರಣ್ಯದಲ್ಲಿ ಸೇರಿತು. ಆ ದಶಕದಲ್ಲೇ ನೈರೋಬಿ, ದಾರ್-ಎಸ್-ಸಲಾಮ್ ಮೊದಲಾದ ವಿಶ್ವವಿದ್ಯಾಲಯಗಳವರು ಕೂಡಿ ಪೂರ್ವ ಆಫ್ರಿಕದ ತಮ್ಮದೇ ಸಂಘವನ್ನು ಕಟ್ಟಿಕೊಂಡರು.

ಇದೆಲ್ಲ ದೂರದ ಮಾತೆಂದು ವಾಚಕರು ತಿಳಿಯಬಾರದು. ಮಹಾರಾಷ್ಟ್ರದ ಕನ್ನಡಿಗರ ಮನೆಯ ನಲ್ಲಿಯಲ್ಲೇ ಈ ಪ್ರಶ್ನೆ ಹರಿಯುತ್ತಿದೆ. ಗೋದಾವರಿ ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಹುಟ್ಟಿ, ಗಂಗಾಪುರ ಅಣೆಕಟ್ಟನ್ನು ದಾಟಿ, ಪೈಠಣದ ಜಾಯಕವಾಡಿ ಜಲಾಶಯವನ್ನು ಸೇರುತ್ತದೆ. ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರಾದ ಔರಂಗಾಬಾದಿಗೆ ಕುಡಿಯುವ ನೀರು ಅಲ್ಲಿಂದಲೇ. ೧೯೬೫ರಲ್ಲಿ ಶಂಕುಸ್ಥಾಪನೆಯಾಗಿ ೧೯೭೬ರಲ್ಲಿ ಉದ್ಘಾಟನೆಗೊಂಡ ಆ ಜಲಾಶಯದ ಬಳಕೆಯ ಸಾಮರ್ಥ್ಯ ಸುಮಾರು ೭೬ ಟಿ.ಎಂ.ಸಿ. ಆದರೆ ಮೇಲೆ ನಾಸಿಕ, ಅಹಮದನಗರ ಜಿಲ್ಲೆಗಳಲ್ಲಿ ಅಣೆಕಟ್ಟುಗಳು ಹೆಚ್ಚಿದಂತೆ, ಮಳೆ ಕೈಕೊಟ್ಟ ವರ್ಷ ಕೆಳಗಿನವರಿಗೆ ತಳದ ಕೆಸರಷ್ಟೇ ಉಳಿಯತೊಡಗಿತು. ಮೇಲೆ ದ್ರಾಕ್ಷಿ ಬೆಳೆಗಾರ, ಕೆಳಗೆ ಮರಾಠವಾಡದ ಬಾಯಾರಿದ ಊರು. ಇಬ್ಬರ ಕಷ್ಟವೂ ಸುಳ್ಳಲ್ಲ.

ರಾಜ್ಯದ ೨೦೦೫ರ ಜಲಸಂಪತ್ತು ನಿಯಂತ್ರಣ ಕಾನೂನು, ಕೊರತೆಯನ್ನು ಕಣಿವೆಯ ಎಲ್ಲರೂ ಹಂಚಿಕೊಳ್ಳಬೇಕೆಂದಿತು. ೨೦೧೩ರ ಮೆಂಢೇಗಿರಿ ಸಮಿತಿ ಅದಕ್ಕೆ ಲೆಕ್ಕದ ರೂಪ ಕೊಟ್ಟಿತು: ಅಕ್ಟೋಬರ್ ಮಧ್ಯದ ವೇಳೆಗೆ ಜಾಯಕವಾಡಿಯ ಬಳಕೆಯ ಸಂಗ್ರಹ ಶೇಕಡ ೬೫ಕ್ಕಿಂತ ಕಡಿಮೆಯಿದ್ದರೆ ಮೇಲಿನ ಜಲಾಶಯಗಳು ನಿಗದಿಯಾದ ಪ್ರಮಾಣದಲ್ಲಿ ನೀರು ಬಿಡಬೇಕು. ತಡಮಾಡಿ ಬಿಟ್ಟರೆ ಒಣಗಿದ ಪಾತ್ರವೇ ಬಹುಭಾಗ ಕುಡಿದುಬಿಡುತ್ತದೆ. ನದಿಯ ಮರಳು ಒದ್ದೆಯಿರುವಾಗಲೇ ಬಿಡುವುದು ಜಾಣತನ. ೨೦೧೫ರಲ್ಲಿ ೧೨.೮೪ ಟಿ.ಎಂ.ಸಿ., ೨೦೨೩ರಲ್ಲಿ ೮.೬ ಟಿ.ಎಂ.ಸಿ. ಬಿಡಲು ಆಜ್ಞೆಯಾಯಿತು. ಎರಡು ಸಲವೂ ಪ್ರತಿಭಟನೆ, ಕೋರ್ಟು ಕಚೇರಿ ತಪ್ಪಲಿಲ್ಲ.

ಲೆಕ್ಕ ಸರಿಯಿದ್ದರೂ ಜಗಳವೇಕೆ? ಲೆಕ್ಕವನ್ನು ತಮ್ಮದೆಂದು ಒಪ್ಪಿಕೊಳ್ಳುವ ಜನ ಸಾಲದು. ನಾಸಿಕದಲ್ಲಿ ೧೯೫೯ರಿಂದ ಮಹಾರಾಷ್ಟ್ರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಿದೆ. ಔರಂಗಾಬಾದಿನಲ್ಲಿ ೧೯೮೦ರಲ್ಲಿ ಜಲ ಮತ್ತು ಭೂ ನಿರ್ವಹಣಾ ಸಂಸ್ಥೆ ಸ್ಥಾಪನೆಯಾಯಿತು. ವಿದ್ಯೆಗೆ ಕೊರತೆಯಿಲ್ಲ. ಆದರೆ ಶೇಕಡ ೬೫ ಎಂಬ ಅಂಕಿ ಹೇಗೆ ಬಂತೆಂದು ನಿಫಾಡದ ರೈತನಿಗೂ ಪೈಠಣದ ರೈತನಿಗೂ ಒಂದೇ ಕಡೆ ಕೂಡಿಸಿ ತಿಳಿಸಿ, ಅವರ ಆಕ್ಷೇಪ ಕೇಳಿ ತಿದ್ದುವ ಬಳಗ ಬೆಳೆಯಬೇಕು. ಆಫ್ರಿಕದ ಅನುಭವ ಕಲಿಸುವ ಪಾಠವೂ ಇದೇ.

ನೃಪತುಂಗನ ಕಾಲದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಮೇರೆಗಳನ್ನು ಹೇಳುವಾಗ ಕಾವೇರಿ ಗೋದಾವರಿಗಳನ್ನೇ ಹೆಸರಿಸಿತು. ಇಂದು ಆ ಎರಡು ನದಿಗಳಲ್ಲೂ ಒಂದೇ ಬಗೆಯ ವ್ಯಾಜ್ಯ. ಕಾವೇರಿಯಲ್ಲಿ ಮೇಲಿನವರಾಗಿ ವಾದಿಸುವ ಕನ್ನಡಿಗರು, ಸಂಭಾಜಿನಗರದಲ್ಲಿ ನೆಲೆಸಿದಾಗ ಕೆಳಗಿನವರಾಗಿ ಕಾಯುತ್ತಾರೆ. ಎರಡು ದಡದ ಕಷ್ಟವನ್ನೂ ಬಲ್ಲ ನಾವು ಇಂಥ ಲೆಕ್ಕಗಳನ್ನು ಓದಿ ತಿಳಿದು, ನೆರೆಹೊರೆಯವರಿಗೂ ವಿವರಿಸಿದರೆ ಅದು ನೆಲೆಸಿದ ನಾಡಿಗೆ ಸಲ್ಲಿಸುವ ಒಂದು ಸೇವೆಯಾದೀತು.